ಕತ್ತೆಗಲ್ಲು

ಮುಹರ್ರಕ್ಕಿನ ಹಳೆ ದಂಡೆಯಲ್ಲಿ, ದೋಣಿ ರಿಪೇರಿ ಶೆಡ್ಡುಗಳ ಹಿಂದೆ
ಹವಳಗಲ್ಲಿನ ಒಂದು ಮೋಟುಗೋಡೆ. ಸೊಂಟದೆತ್ತರ.
ಅದಕ್ಕೆ ಏಳು ಕಬ್ಬಿಣದ ಬಳೆ, ಕಟ್ಟಿದ್ದು ಏನೂ ಇಲ್ಲ.
ಆರರ ಕೆಳಗೆ ಅಕ್ಷರ. ಏಳನೆಯದರ ಕೆಳಗೆ ಬರೀ ಕಲ್ಲು.

ಮೊದಲ ಶುಕ್ರವಾರ ಅದರ ಮೇಲೆ ಕೂತು
ಶೇಂಗಾ ತಿಂದು ಸಿಪ್ಪೆ ಉದುರಿಸಿದೆ.
ಚಹದ ಕುಂಞಾಲಿ ಓಡಿ ಬಂದ: ಏಳೋ, ಸತ್ತವರ ಜಾಗ ಅದು.
ಯಾರು ಸತ್ತವರು ಅಂದೆ.
ಕತ್ತೆಗಳು ಅಂದ.

ನಕ್ಕೆ. ನಗದೆ ಏನು ಮಾಡಲಿ?
ಆ ವಾರವಷ್ಟೇ ಲಾಂಡ್ರಿಯ ಮುದೀರ
ಬಿಳಿ ತೋಬಿನ ಕೊರಳಪಟ್ಟಿ ಸುಟ್ಟದ್ದಕ್ಕೆ
ಹತ್ತು ಜನರೆದುರು ನನ್ನನ್ನು ಹಿಮಾರ್ ಅಂದಿದ್ದ.
ಅರ್ಥ ಕೇಳಬೇಕಾಗಿರಲಿಲ್ಲ. ಕೆಲವು ಮಾತು
ಯಾವ ಭಾಷೆಯಲ್ಲಿ ಬಂದರೂ ಬೆನ್ನಿಗೇ ಬೀಳುತ್ತವೆ.
ಊರಲ್ಲಿ ಮೇಷ್ಟ್ರು ಅಂದದ್ದೂ ಅದೇ,
ಮಡಿವಾಳರ ಮಾಚಪ್ಪನ ಮಗ ಮತ್ತೇನಾದೀತು ಅಂತ.

ಕುಂಞಾಲಿ ಓದಿ ಹೇಳಿದ, ಬಲದಿಂದ ಎಡಕ್ಕೆ:
ಗುಬಾರ್, ಅಂದರೆ ಧೂಳು. ಮಿಲ್ಹಾ, ಉಪ್ಪು.
ಸಬ್ರಾ. ಹಿಲಾಲ್. ಇನ್ನೊಂದನ್ನು ಗಾಳಿ ತಿಂದು
ಕೊನೆಯ ಅಕ್ಷರದ ಬಾಲ ಮಾತ್ರ ಬಿಟ್ಟಿದೆ.
ಆರನೆಯದು ಅರ್ಜಾ. ಕುಂಟಿ. ಹೆಸರೇ ಅದು.

ಉಳಿದದ್ದು ಹೇಳಿದವಳು ಉಮ್ಮ್ ಜುಮಾ,
ಅರ್ಧ ಹಿಂದಿ, ಅರ್ಧ ಕೈಸನ್ನೆ.
ಅವಳ ತಾಯಿಯ ತಾಯಿ ಕಂಡದ್ದು.

ಆಗ ಕುಡಿವ ನೀರು ಕಡಲೊಳಗೆ ಹುಟ್ಟುತ್ತಿತ್ತು,
ಉಪ್ಪಿನ ನಡುವೆ ಸಿಹಿ ಒರತೆ. ಇಳಿತದ ಹೊತ್ತಿಗೆ
ಕತ್ತೆಗಳು ಹೊಟ್ಟೆ ಮುಳುಗುವ ತನಕ ನಡೆದು
ತೊಗಲ ಚೀಲಗಳಲ್ಲಿ ಹೊತ್ತು ತರುತ್ತಿದ್ದವು.
ಬಿಳಿ ಕತ್ತೆಗಳು. ಕಾಲಿಗೆ ಮದರಂಗಿ.
ಮದುವಣಗಿತ್ತಿಯರು, ಅಂದಳು. ತಮಾಷೆಗಲ್ಲ.

ಆ ರಾತ್ರಿ ಮುತ್ತಿನ ದೋಣಿಯೊಂದು ದಿಬ್ಬಕ್ಕೆ ಬಡಿದು ಸೀಳಿತು,
ದಂಡೆಗೆ ಕೂಗು ಕೇಳುವಷ್ಟು ದೂರದಲ್ಲಿ.
ಗಾಳಿಗೆ ಇನ್ನೊಂದು ದೋಣಿ ಇಳಿಸುವಂತಿರಲಿಲ್ಲ.
ಕೆಸರಿನಲ್ಲಿ ಎಲ್ಲಿ ಕಾಲೂರಬೇಕೆಂದು ಗೊತ್ತಿದ್ದದ್ದು
ನೀರಿನ ಕತ್ತೆಗಳಿಗೆ ಮಾತ್ರ.
ನೀರು ಮಾರುವ ಹುಡುಗ ಬಾಲ ಹಿಡಿದುಕೊಂಡ, ಅಷ್ಟೇ.
ಮೊದಲ ಸಲ ಒಂಬತ್ತು ಜನ. ಎರಡನೆಯ ಸಲ ಹನ್ನೊಂದು.
ಮೂರನೆಯ ಸಲಕ್ಕೆ ಭರತ ತಿರುಗಿತ್ತು.

ಅವಕ್ಕೆ ಗೊತ್ತಾಗಲಿಲ್ಲವೇ ಅಂದೆ.
ಮುದುಕಿ ಸಿಟ್ಟಾದಳು. ಗೊತ್ತಾಗದೆ?
ಕಿವಿ ಹಿಂದಕ್ಕೆ ಮಲಗಿಸಿ ನಿಂತುಬಿಟ್ಟವು.
ಹೊಡೆದೆವು, ಅಂದಳು, ತಾನೇ ಅಲ್ಲಿದ್ದವಳ ಹಾಗೆ.
ಹೊಡೆದೇ ಇಳಿಸಿದೆವು.
ಅದನ್ನು ಕಲ್ಲಲ್ಲಿ ಬರೆದಿಲ್ಲ.

ಹುಡುಗ ಬಾಲ ಬಿಟ್ಟದ್ದಕ್ಕೆ ಬದುಕಿದ.
ಮುಪ್ಪಿನಲ್ಲಿ ಈ ಗೋಡೆ ಕಟ್ಟಿಸಿದ.
ಏಳನೆಯದು ಯಾರದೆಂದು ಅವನಿಗೂ ಗೊತ್ತಿರಲಿಲ್ಲ;
ಹೊರೆಯಿಲ್ಲದೆ, ಯಾರೂ ಕರೆಯದೆ ಹಿಂದೆ ಹೋದದ್ದು.
ಮರಿಯಿರಬೇಕು.

ನಮ್ಮಲ್ಲೂ ಕಲ್ಲುಗಳಿವೆ.
ತುರು ಬಿಡಿಸಲು ಹೋಗಿ ಸತ್ತವರಿಗೆ ಊರೂರಲ್ಲಿ,
ಮಂಡ್ಯದ ಕಡೆ ಒಂದು ಬೇಟೆನಾಯಿಗೂ.
ಕತ್ತೆ ಬಂದರೆ ಹಳೆ ಶಾಸನದ ತುದಿಗೆ ಬರುತ್ತದೆ,
ಶಾಪಕ್ಕೆ.
ಇಪ್ಪತ್ತು ವರ್ಷ ಊರ ಮೈಲಿಗೆಯನ್ನೆಲ್ಲ ಹೊಳೆಗೆ ಹೊತ್ತ
ಅಪ್ಪನ ಕತ್ತೆಯನ್ನು ಎಲ್ಲಿ ಹೂತೆವು, ಹೂತೆವೋ ಇಲ್ಲವೋ,
ಫೋನಿನಲ್ಲಿ ಅವ್ವನನ್ನು ಕೇಳಿದೆ.
ಅದನ್ನೇನು ಕೇಳ್ತೀ, ದುಡ್ಡು ಕಳಿಸಿದೆಯಾ ಅಂದಳು.

ಈಗ ಶುಕ್ರವಾರ ಲಾಂಡ್ರಿಯ ಹಳೆ ಅರಿವೆ ಒಯ್ದು
ಬಳೆಗಳ ಉಪ್ಪು ಒರೆಸುತ್ತೇನೆ. ವಾರದೊಳಗೆ ಮತ್ತೆ ಕೂರುತ್ತದೆ.
ಹೋದ ಸಲ ಪ್ಯಾಂಟು ಮಡಚದೆ ನೀರಿಗಿಳಿದೆ,
ಒರತೆ ಇತ್ತೆಂದು ಅವಳು ತೋರಿಸಿದ ದಿಕ್ಕಿಗೆ.
ಕಾಲಡಿ ಕೆಸರು, ಕೆಸರು, ಆಮೇಲೆ ಏನೋ ಗಟ್ಟಿ.
ದಾರಿಯೋ, ಯಾರೋ ಎಸೆದ ಕಾಂಕ್ರೀಟೋ.
ಈಜು ಬಾರದವನು. ಹೆದರಿ ತಿರುಗಿದೆ.

ಮರುದಿನ ಇಸ್ತ್ರಿ ಮೇಜಿನ ಹಿಂದೆ ಅದೇ ಪ್ಯಾಂಟು,
ಮೊಣಕಾಲಿನ ಮಟ್ಟಕ್ಕೆ ಬಿಳಿ ಗೆರೆ.
ಮುದೀರ ಬಗ್ಗಿ ನೋಡಿದ. ಏನಿದು, ಹಿಮಾರ್?
ಹೌದು ಅಂದೆ.